ಒಂದೇ ಮನೆಯ ಹೆಪಟೈಟಿಸ್ ಬಿ, ಹಲವು ಪಾಠಾಂತರ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಒಬ್ಬರಿಗೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾದರೆ ಉಳಿದವರಿಗೂ ರಕ್ತಪರೀಕ್ಷೆ ಮಾಡಿಸಬೇಕಾಗುತ್ತದೆ. ವರದಿಗಳು ಕೈಗೆ ಬಂದಾಗ ಗೊಂದಲ ಶುರುವಾಗುತ್ತದೆ. ತಾಯಿಯದು ಒಂದು ಬಗೆ, ದೊಡ್ಡ ಮಗನದು ಇನ್ನೊಂದು, ಕಿರಿಯವನದು ಮತ್ತೊಂದು. "ಒಂದೇ ವೈರಸ್ ಅಲ್ಲವೇ ಡಾಕ್ಟರೇ, ಹೀಗೇಕೆ?" ಎಂಬ ಪ್ರಶ್ನೆಯ ಸುತ್ತ ಹುಟ್ಟಿದ ಪ್ರಶ್ನೆಗಳು ಇಲ್ಲಿವೆ.

ವಿವರಿಸಲು ಅನುಕೂಲವಾಗಲಿ ಎಂದು ಒಂದು ಕಲ್ಪಿತ ಕುಟುಂಬವನ್ನು ಇಟ್ಟುಕೊಂಡಿದ್ದೇನೆ. ಕುಂದಾಪುರದ ಕಡೆಯ ಮನೆ ಎಂದುಕೊಳ್ಳಿ. ಅರವತ್ತರ ತಾಯಿ, ಮೂವತ್ತಾರರ ಅಣ್ಣ, ಮೂವತ್ತೆರಡರ ಅಕ್ಕ, ಇಪ್ಪತ್ತೆರಡರ ತಮ್ಮ. ಅಣ್ಣ ಗಲ್ಫ್ ಕೆಲಸಕ್ಕೆಂದು ವೈದ್ಯಕೀಯ ತಪಾಸಣೆಗೆ ಹೋದಾಗ ವಿಷಯ ಹೊರಬಿತ್ತು. ಆಮೇಲೆ ಎಲ್ಲರ ಪರೀಕ್ಷೆಯೂ ಆಯಿತು. ತಾಯಿಯ ರಕ್ತದಲ್ಲಿ ವೈರಸ್ ಇದೆ, ಆದರೆ ಬಹಳ ಕಡಿಮೆ. ಅಣ್ಣನಲ್ಲಿ ಬೇಕಾದಷ್ಟಿದೆ, ಯಕೃತ್ತೂ ಊದಿಕೊಂಡಿದೆ. ತಮ್ಮನಲ್ಲಿ ಕೋಟಿಗಟ್ಟಲೆ ಇದೆ, ಆದರೆ ಯಕೃತ್ತು ಆರಾಮಾಗಿದೆ. ಅಕ್ಕನಲ್ಲಿ ವೈರಸ್ಸೇ ಇಲ್ಲ, ಅದು ಬಂದು ಹೋದ ಗುರುತು ಮಾತ್ರ ಇದೆ.

ಇವರೆಲ್ಲರಲ್ಲಿ ಇರುವುದು ಒಂದೇ ವೈರಸ್ಸೇ?

ಬೇರು ಒಂದೇ, ಅಕ್ಷರಶಃ ಒಂದೇ ಅಲ್ಲ.

ಓಲೆಗರಿ ಗ್ರಂಥಗಳ ಸಂಪಾದನೆ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಾವ್ಯದ ನಾಲ್ಕು ಪ್ರತಿಗಳು ನಾಲ್ಕು ಊರುಗಳಲ್ಲಿ ಸಿಗುತ್ತವೆ. ಕಾವ್ಯ ಒಂದೇ, ಆದರೆ ಒಬ್ಬ ಲಿಪಿಕಾರ ಒಂದು ಅಕ್ಷರ ಬಿಟ್ಟಿದ್ದಾನೆ, ಇನ್ನೊಬ್ಬ 'ಪ' ಇದ್ದಲ್ಲಿ 'ಷ' ಬರೆದಿದ್ದಾನೆ. ಆ ತಪ್ಪನ್ನು ಆತನ ಪ್ರತಿಯಿಂದ ನಕಲು ಮಾಡಿದವನೂ ಮುಂದುವರಿಸಿದ್ದಾನೆ. ವಿದ್ವಾಂಸರು ಇವನ್ನು ಪಾಠಾಂತರ ಎನ್ನುತ್ತಾರೆ. ಒಂದು ಮನೆಯ ಹೆಪಟೈಟಿಸ್ ಬಿ ವೈರಸ್ಸುಗಳೂ ಹಾಗೆಯೇ, ಒಂದು ಮೂಲದ ಪಾಠಾಂತರಗಳು. ಈ ವೈರಸ್ಸಿನ 'ಗ್ರಂಥ' ತೀರಾ ಚಿಕ್ಕದು, ಸುಮಾರು 3,200 ಅಕ್ಷರಗಳ ಡಿಎನ್‌ಎ (ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ). ಮನುಷ್ಯನ ಡಿಎನ್‌ಎಯಲ್ಲಿ ಮುನ್ನೂರು ಕೋಟಿಗೂ ಹೆಚ್ಚು ಅಕ್ಷರಗಳಿವೆ. ಮೂರು ಸಾವಿರದ ಚಿಲ್ಲರೆ ಅಕ್ಷರಗಳಲ್ಲಿ ಇಷ್ಟೊಂದು ಉಪದ್ರವ ಬರೆಯಲು ಸಾಧ್ಯವೆಂದು ನೆನೆದರೆ ಈಗಲೂ ನನಗೆ ಬೆರಗಾಗುತ್ತದೆ.

ವೈರಸ್ ಏಕೆ ಬದಲಾಗುತ್ತದೆ? ನಾವು ತಿನ್ನುವ ಊಟ, ಕುಡಿಯುವ ಮದ್ದು ಕಾರಣವೇ?

ಊಟಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರಣ ಇರುವುದು ವೈರಸ್ಸಿನ ನಕಲು ಮಾಡುವ ರೀತಿಯಲ್ಲಿ.

ಇದು ಡಿಎನ್‌ಎ ವೈರಸ್ಸಾದರೂ ಡಿಎನ್‌ಎಯಿಂದ ನೇರವಾಗಿ ಡಿಎನ್‌ಎ ಮಾಡಿಕೊಳ್ಳುವುದಿಲ್ಲ. ಯಕೃತ್ತಿನ ಜೀವಕೋಶದ ಒಳಗೆ ಮೊದಲು ಆರ್‌ಎನ್‌ಎ ಪ್ರತಿಯಾಗುತ್ತದೆ, ಅದರಿಂದ ಮತ್ತೆ ಡಿಎನ್‌ಎ. ಎಚ್‌ಐವಿಯೂ ಇಂಥ ಹಿಮ್ಮುಖ ನಕಲನ್ನು ಮಾಡುತ್ತದೆ. ಈ ಕೆಲಸ ಮಾಡುವ ಪಾಲಿಮರೇಸ್ ಎಂಬ ಕಿಣ್ವ ಬರೆದದ್ದನ್ನು ತಿರುಗಿ ಓದಿ ತಿದ್ದುವುದಿಲ್ಲ. ನಮ್ಮ ಜೀವಕೋಶಗಳಲ್ಲಿ ಕರಡು ತಿದ್ದುವ ವ್ಯವಸ್ಥೆ ಇದೆ, ಇದರಲ್ಲಿ ಇಲ್ಲ. ಜೋರು ಸೋಂಕಿರುವ ಒಬ್ಬರ ದೇಹದಲ್ಲಿ ದಿನಕ್ಕೆ ಹತ್ತು ಸಾವಿರ ಕೋಟಿಯಷ್ಟು ವೈರಸ್ ಕಣಗಳು ಹುಟ್ಟಬಲ್ಲವು. ತಿದ್ದುವವನಿಲ್ಲದ ಅಚ್ಚುಕೂಟದಲ್ಲಿ ಅಷ್ಟು ಪ್ರತಿ ಹೊರಬಂದರೆ ಏನಾಗಬಹುದು? ಆಗಲು ಸಾಧ್ಯವಿರುವ ಪ್ರತಿಯೊಂದು ಒಂಟಿ ಅಕ್ಷರದ ತಪ್ಪೂ ಪ್ರತಿದಿನ ಎಲ್ಲೋ ಒಂದು ಕಣದಲ್ಲಿ ಆಗಿಯೇ ಇರುತ್ತದೆ. ಹಾಗಾಗಿ ಒಬ್ಬ ವ್ಯಕ್ತಿಯ ರಕ್ತದಲ್ಲಿಯೂ ಇರುವುದು 'ಒಂದು ವೈರಸ್' ಅಲ್ಲ, ಸ್ವಲ್ಪ ಸ್ವಲ್ಪ ಬೇರೆಯಾದ ಕಣಗಳ ಒಂದು ಹಿಂಡು.

ಅಷ್ಟು ತಪ್ಪಾದರೆ ಒಂದೇ ವರ್ಷದಲ್ಲಿ ಗುರುತು ಸಿಗದಂತೆ ಬದಲಾಗಬೇಕಲ್ಲವೇ?

ತಪ್ಪು ಆಗುವುದು ಬೇರೆ, ಆ ತಪ್ಪು ಉಳಿಯುವುದು ಬೇರೆ. ಉಳಿಯುವುದು ಬಹಳ ಕಡಿಮೆ, ಅದಕ್ಕೆ ಒಂದು ಸೊಗಸಾದ ಕಾರಣವಿದೆ.

ಈ ವೈರಸ್ ಜಾಗ ಉಳಿಸಲು ಒಂದೇ ಅಕ್ಷರಗಳ ಸಾಲನ್ನು ಎರಡು ರೀತಿಯಲ್ಲಿ ಓದಿಕೊಳ್ಳುತ್ತದೆ. ಶ್ಲೇಷೆಯ ಪದ್ಯದಂತೆ, ಒಂದೆಡೆ ಬಿಡಿಸಿ ಓದಿದರೆ ಹೊರಕವಚದ ಪ್ರೊಟೀನು, ಒಂದಕ್ಷರ ಸರಿಸಿ ಓದಿದರೆ ಪಾಲಿಮರೇಸ್. ಜೀನೋಮಿನ, ಅಂದರೆ ವೈರಸ್ಸಿನ ಇಡೀ 'ಗ್ರಂಥ'ದ, ಅರ್ಧಕ್ಕಿಂತ ಹೆಚ್ಚು ಭಾಗ ಹೀಗೆ ಎರಡು ಅರ್ಥಗಳ ಹೊರೆ ಹೊತ್ತಿದೆ. ಅಂಥ ಪದ್ಯದಲ್ಲಿ ಒಂದಕ್ಷರ ಬದಲಾಯಿಸಿದರೆ ಒಂದು ಅರ್ಥ ಉಳಿದರೂ ಇನ್ನೊಂದು ಕೆಡುತ್ತದೆ. ಕೆಟ್ಟ ಪ್ರತಿ ಅಲ್ಲಿಗೇ ಮುಗಿಯುತ್ತದೆ.

ಸ್ಥೂಲವಾಗಿ ಹೇಳಬೇಕೆಂದರೆ, ವರ್ಷವೊಂದಕ್ಕೆ ಒಂದು ಲಕ್ಷ ಅಕ್ಷರಗಳಲ್ಲಿ ಒಂದರಿಂದ ಹತ್ತು ಅಕ್ಷರಗಳಷ್ಟು ಬದಲಾವಣೆ ನೆಲೆ ನಿಲ್ಲುತ್ತದೆ. 3,200 ಅಕ್ಷರಗಳ ಜೀನೋಮಿಗೆ ಇದನ್ನು ಅನ್ವಯಿಸಿದರೆ, ಶಾಂತವಾಗಿರುವ ಸೋಂಕಿನಲ್ಲಿ ಮೂವತ್ತು ವರ್ಷಕ್ಕೊಂದು ಅಕ್ಷರ, ದೇಹ ವೈರಸ್ಸಿನೊಡನೆ ಜಗಳವಾಡುತ್ತಿರುವಾಗ ಮೂರು ವರ್ಷಕ್ಕೊಂದು. ಈ ಅಂತರವೇ ಮುಂದಿನ ಎಷ್ಟೋ ಪ್ರಶ್ನೆಗಳಿಗೆ ಕೀಲಿಕೈ.

ತಾಯಿಯಿಂದ ಮಗುವಿಗೆ ದಾಟುವಾಗ ಹಿಂಡೆಲ್ಲ ದಾಟುತ್ತದೆಯೇ?

ಇಲ್ಲ. ಹೆರಿಗೆಯ ಹೊತ್ತಿಗೆ ತಾಯಿಯ ರಕ್ತದ ಸಂಪರ್ಕದಲ್ಲಿ ಮಗುವಿಗೆ ಸೇರುವುದು ಗಿಂಡಿಯ ಕೊರಳಿನಿಂದ ಸುರಿದಷ್ಟು. ಒಳಗೆ ಎಷ್ಟೇ ತುಂಬಿದ್ದರೂ ಹೊರಬರುವುದು ಕೊರಳು ಬಿಟ್ಟಷ್ಟೇ. ಹಿಂಡಿನ ಕೆಲವು ಕಣಗಳು ಮಾತ್ರ ಮಗುವಿನ ಯಕೃತ್ತಿನಲ್ಲಿ ಬೇರೂರಿ ಹೊಸ ಹಿಂಡು ಕಟ್ಟುತ್ತವೆ. ತಾಯಿಯಲ್ಲಿ ನೂರಕ್ಕೆ ಒಂದೆರಡರಷ್ಟಿದ್ದ ಪಾಠ ಮಗುವಿನಲ್ಲಿ ಮುಖ್ಯ ಪಾಠವಾಗಬಹುದು. ತಾಯಿಯಲ್ಲಿ ಪ್ರಬಲವಾಗಿದ್ದದ್ದು ಮಗುವಿನಲ್ಲಿ ಕಾಣದೆಯೂ ಹೋಗಬಹುದು. ವೈರಸ್ಸಿನ ಅಕ್ಷರಗಳ ಸಾಲನ್ನು ಓದುವ ಹಳೆಯ ಅನುಕ್ರಮ ಪರೀಕ್ಷೆಗಳು ಹಿಂಡಿನ ಬಹುಮತವನ್ನು ಮಾತ್ರ ಓದುತ್ತಿದ್ದವು, ಸುಮಾರು ಶೇ 20ಕ್ಕಿಂತ ಕಡಿಮೆ ಇರುವ ಪಾಠ ಅವುಗಳ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಗಾಗಿ "ಮಗುವಿನಲ್ಲಿ ಹೊಸದಾಗಿ ಹುಟ್ಟಿತು" ಎಂದುಕೊಂಡ ಎಷ್ಟೋ ಬದಲಾವಣೆಗಳು ತಾಯಿಯಲ್ಲಿ ಮೂಲೆ ಹಿಡಿದು ಕುಳಿತಿದ್ದವೇ ಆಗಿರಬಹುದು.

ಇನ್ನೊಂದು ಕುತೂಹಲದ ಸಂಗತಿ ಇದೆ. ತಾಯಿಯಲ್ಲಿ ಮೂಲರೂಪವೂ ರೂಪಾಂತರಿಯೂ ಬೆರೆತಿದ್ದಾಗ, ಮಗುವಿನಲ್ಲಿ ಮೂಲರೂಪವೇ ಮತ್ತೆ ಮೇಲುಗೈ ಪಡೆದದ್ದು ಅಧ್ಯಯನಗಳಲ್ಲಿ ಕಂಡಿದೆ. ಎಳೆಯ ಮಗುವಿನ ರೋಗನಿರೋಧಕ ವ್ಯವಸ್ಥೆ ವೈರಸ್ಸಿನ ಮೇಲೆ ಇನ್ನೂ ಕೈಯೆತ್ತಿರುವುದಿಲ್ಲ. ವೇಷ ಮರೆಸುವ ಅಗತ್ಯವೇ ಇಲ್ಲದಿದ್ದಾಗ, ವೇಗವಾಗಿ ಬೆಳೆಯುವ ಹಳೆಯ ರೂಪಕ್ಕೇ ಲಾಭ.

ಅಣ್ಣನ ವರದಿಯಲ್ಲಿ ಇ-ಆಂಟಿಜೆನ್ ನೆಗೆಟಿವ್, ತಮ್ಮನದರಲ್ಲಿ ಪಾಸಿಟಿವ್. ಅಣ್ಣನಿಗೆ ವಾಸಿಯಾಗುತ್ತಿದೆ ಎಂದಲ್ಲವೇ?

ಕುಟುಂಬಗಳು ಹೆಚ್ಚು ಮೋಸಹೋಗುವುದು ಇಲ್ಲಿ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ವರದಿಯಲ್ಲಿ ಎರಡು ಆಂಟಿಜೆನ್‌ಗಳ ಹೆಸರಿರುತ್ತದೆ. ಎಚ್‌ಬಿಎಸ್‌ಎಜಿ ಎಂಬುದು ವೈರಸ್ಸಿನ ಹೊರಕವಚದ ಪ್ರೊಟೀನು. ಅದು ಇದ್ದರೆ ಸೋಂಕು ಇದೆ ಎಂದರ್ಥ. ಎಚ್‌ಬಿಇಎಜಿ, ಅಂದರೆ ಇ-ಆಂಟಿಜೆನ್, ವೈರಸ್ ರಕ್ತಕ್ಕೆ ಬಿಡುವ ಇನ್ನೊಂದು ಪ್ರೊಟೀನು. ಹೊಸ ಕಣ ಕಟ್ಟಲು ಅದು ಬೇಕಾಗಿಲ್ಲ, ರೋಗನಿರೋಧಕ ವ್ಯವಸ್ಥೆಯನ್ನು ಮಂಕು ಮಾಡುವುದು ಅದರ ಕೆಲಸವೆಂದು ತಿಳಿಯಲಾಗಿದೆ. ಬಾಲ್ಯದಲ್ಲಿ ಸೋಂಕಾದವರಲ್ಲಿ ಮೊದಲ ಹಲವು ವರ್ಷ ಇದು ಪಾಸಿಟಿವ್ ಇರುತ್ತದೆ, ವೈರಸ್ ಕೋಟಿಗಟ್ಟಲೆ ಇರುತ್ತದೆ, ಯಕೃತ್ತಿಗೆ ಹೆಚ್ಚು ಪೆಟ್ಟಾಗಿರುವುದಿಲ್ಲ. ನಮ್ಮ ತಮ್ಮ ಈ ಹಂತದಲ್ಲಿದ್ದಾನೆ.

ಕಾಲಕ್ರಮೇಣ ದೇಹ ಎಚ್ಚೆತ್ತು ದಾಳಿ ಮಾಡುತ್ತದೆ. ಆಗ ಎರಡರಲ್ಲಿ ಒಂದು ನಡೆಯುತ್ತದೆ. ವೈರಸ್ ನಿಜವಾಗಿಯೂ ತಗ್ಗಿ ಇ-ಆಂಟಿಜೆನ್ ಹೋಗಬಹುದು. ತಾಯಿಗೆ ಆಗಿರುವುದು ಇದು. ಅಥವಾ ಇ-ಆಂಟಿಜೆನ್ ಮಾಡುವುದನ್ನೇ ನಿಲ್ಲಿಸಿದ ರೂಪಾಂತರಿ ಮೇಲೇರಬಹುದು. ಇವುಗಳಲ್ಲಿ ಹೆಸರಾದದ್ದು 1896ನೆಯ ಅಕ್ಷರದ ಬದಲಾವಣೆ. ಅಲ್ಲಿ 'ಜಿ' ಹೋಗಿ 'ಎ' ಬಂದರೆ ಮೂರಕ್ಷರದ ಒಂದು ಸಂಕೇತ 'ಇಲ್ಲಿಗೆ ನಿಲ್ಲಿಸು' ಎಂದಾಗಿಬಿಡುತ್ತದೆ. ಇ-ಆಂಟಿಜೆನ್ ತಯಾರಿ ಅರ್ಧಕ್ಕೇ ನಿಂತುಹೋಗುತ್ತದೆ, ವೈರಸ್ ಕಣಗಳ ತಯಾರಿ ಮಾತ್ರ ಎಂದಿನಂತೆ ನಡೆಯುತ್ತದೆ. 1762 ಮತ್ತು 1764ನೆಯ ಸ್ಥಾನಗಳಲ್ಲಿ ಆಗುವ ಜೋಡಿ ಬದಲಾವಣೆ ಇನ್ನೊಂದು ದಾರಿ. ಅದು ಇ-ಆಂಟಿಜೆನ್ನನ್ನು ಪೂರ್ತಿ ನಿಲ್ಲಿಸದೆ ತಗ್ಗಿಸುತ್ತದೆ.

ಅಣ್ಣನದು ಇಂಥ ಸ್ಥಿತಿ. ಇ-ಆಂಟಿಜೆನ್ ನೆಗೆಟಿವ್, ಆದರೆ ಡಿಎನ್‌ಎ ಲಕ್ಷಗಳಲ್ಲಿ, ಎಎಲ್‌ಟಿ ಎಂಬ ಯಕೃತ್ತಿನ ಕಿಣ್ವ ಏರಿದೆ. ಹೊಗೆ ಕಾಣದೆ ಒಳಗೇ ಉರಿಯುವ ಬೂದಿಯ ಕೆಂಡ. ಆತ "ನೆಗೆಟಿವ್ ಬಂತು" ಎಂದು ಮನೆಗೆ ಹೋಗಿ ಐದು ವರ್ಷ ಬಿಟ್ಟು ಬಂದರೆ ಅಷ್ಟರಲ್ಲಿ ಯಕೃತ್ತು ಗಟ್ಟಿಯಾಗಿರಬಹುದು. ಇ-ಆಂಟಿಜೆನ್ ನೆಗೆಟಿವ್ ಎಂಬ ಒಂದು ಸಾಲನ್ನು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಡಿಎನ್‌ಎಯ ಪ್ರಮಾಣ) ಮತ್ತು ಎಎಲ್‌ಟಿ ಇಲ್ಲದೆ ಓದಲೇಬಾರದು.

ಈ ರೂಪಾಂತರ ಎಲ್ಲ ಮನೆಗಳಲ್ಲೂ ಬರುತ್ತದೆಯೇ?

ವೈರಸ್ಸಿನ ಮನೆತನದ ಮೇಲೆ ಹೋಗುತ್ತದೆ. ಹೆಪಟೈಟಿಸ್ ಬಿಯಲ್ಲಿ 'ಎ'ಯಿಂದ 'ಜೆ'ವರೆಗೆ ಹತ್ತು ಜೀನೋಟೈಪ್‌ಗಳನ್ನು ಗುರುತಿಸಿದ್ದಾರೆ. ಇಡೀ ಜೀನೋಮಿನಲ್ಲಿ ಶೇ 8ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ, ಅಂದರೆ ಸುಮಾರು 250 ಅಕ್ಷರ ಮೀರಿದರೆ, ಬೇರೆ ಜೀನೋಟೈಪ್. ಭಾರತದಲ್ಲಿ ಮುಖ್ಯವಾಗಿ ಕಾಣುವವು ಡಿ ಮತ್ತು ಎ. ಪೂರ್ವ ಮತ್ತು ಈಶಾನ್ಯ ಭಾಗಗಳಲ್ಲಿ ಸಿ ಕೂಡ ಇದೆ.

ವೈರಸ್ಸಿನ ಆರ್‌ಎನ್‌ಎ ಒಂದು ಜಾಗದಲ್ಲಿ ಮಡಚಿಕೊಂಡು ಕುಣಿಕೆಯಾಗುತ್ತದೆ. ಆ ಕುಣಿಕೆಯಲ್ಲಿ 1896ನೆಯ ಅಕ್ಷರದ ಎದುರಿಗೆ 1858ನೆಯದು ಬಂದು ಕೂರುತ್ತದೆ. ಡಿ ಜೀನೋಟೈಪ್‌ನಲ್ಲಿ ಆ ಎದುರು ಅಕ್ಷರ 'ಟಿ'. 1896ರಲ್ಲಿ 'ಎ' ಬಂದರೆ ಜೋಡಿ ಇನ್ನಷ್ಟು ಬಿಗಿಯಾಗುತ್ತದೆ, ವೈರಸ್ಸಿಗೆ ನಷ್ಟವಿಲ್ಲ. ಎ ಜೀನೋಟೈಪ್‌ನಲ್ಲಿ ಎದುರಿಗೆ ಸಾಮಾನ್ಯವಾಗಿ 'ಸಿ' ಇರುತ್ತದೆ, 'ಎ' ಬಂದರೆ ಜೋಡಿಯೇ ಮುರಿಯುತ್ತದೆ. ಆದ್ದರಿಂದ ಈ ರೂಪಾಂತರ ಡಿ ಇರುವ ಮನೆಗಳಲ್ಲಿ ಸಾಮಾನ್ಯ, ಎ ಇರುವ ಮನೆಗಳಲ್ಲಿ ವಿರಳ. ಯಾವ ತಪ್ಪು ಮಾಡಲು ಅವಕಾಶವಿದೆ ಎಂಬುದನ್ನೂ ಮನೆತನವೇ ನಿರ್ಧರಿಸುತ್ತದೆ.

ಅನುಕ್ರಮ ನೋಡಿ ಯಾರಿಂದ ಯಾರಿಗೆ ಬಂತು ಎಂದು ಹೇಳಬಹುದೇ?

ನಂಟಿದೆ ಎಂದು ಹೇಳಬಹುದು. ದಿಕ್ಕು ಹೇಳುವುದು ಕಷ್ಟ.

ಗ್ರಂಥಸಂಪಾದಕರು ಬಳಸುವ ತರ್ಕವೇ ಇಲ್ಲಿಯೂ ನಡೆಯುತ್ತದೆ. ಬೇರೆಲ್ಲೂ ಇಲ್ಲದ ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಅವೆರಡಕ್ಕೂ ಸಮೀಪದ ಒಂದು ಮೂಲವಿದೆ. ತಾಯಿ ಮತ್ತು ಮಗನ ವೈರಸ್ಸು ಮೂವತ್ತು ವರ್ಷ ಎರಡು ದೇಹಗಳಲ್ಲಿ ಬೇರೆ ಬೇರೆಯಾಗಿ ಬೆಳೆದಿದ್ದರೆ, ಮೇಲೆ ಹೇಳಿದ ವೇಗದಲ್ಲಿ ಎರಡರಿಂದ ಇಪ್ಪತ್ತರಷ್ಟು ಅಕ್ಷರಗಳ ವ್ಯತ್ಯಾಸ ನಿರೀಕ್ಷಿಸಬಹುದು. ಪಕ್ಕದ ಬೀದಿಯ ಸಂಬಂಧವಿಲ್ಲದ ವ್ಯಕ್ತಿಯ ವೈರಸ್ಸು ಅದೇ ಜೀನೋಟೈಪ್ ಆಗಿದ್ದರೂ ಅದಕ್ಕಿಂತ ಎಷ್ಟೋ ದೂರವಿರುತ್ತದೆ. ಹಾಗಾಗಿ ಒಂದು ಮನೆಯ ವೈರಸ್ಸುಗಳು ವಂಶವೃಕ್ಷದಲ್ಲಿ ಒಂದೇ ಕೊಂಬೆಯಲ್ಲಿ ಗೊಂಚಲಾಗಿ ಕೂರುತ್ತವೆ.

ಗೊಂಚಲಿನ ಒಳಗಿನ ಕ್ರಮ ಮಾತ್ರ ಗೋಜಲು. ನಮ್ಮ ಕುಟುಂಬದ ತಮ್ಮನನ್ನೇ ತೆಗೆದುಕೊಳ್ಳಿ. ಅವನು ಹುಟ್ಟಿದಾಗ ತಾಯಿಗೆ ಮೂವತ್ತೆಂಟು, ಅಷ್ಟು ಹೊತ್ತಿಗೆ ಅವಳ ವೈರಸ್ಸು ತಗ್ಗಿರುವ ಸಾಧ್ಯತೆ ಇದೆ. ಹದಿನಾಲ್ಕರ ಅಣ್ಣನ ರಕ್ತದಲ್ಲಿ ಅದು ಕೋಟಿಗಟ್ಟಲೆ ಇದ್ದಿರಬಹುದು. ಒಂದೇ ಹಾಸಿಗೆ, ಗಾಯದ ಮಂಡಿಗಳು, ಒಂದೇ ಟವೆಲ್. ತಮ್ಮನಿಗೆ ತಾಯಿಯಿಂದಲೇ ಬಂತು ಎನ್ನಲು ಆಧಾರವಿಲ್ಲ. ಅನುಕ್ರಮ ಅಣ್ಣನದಕ್ಕೇ ಹತ್ತಿರವಿದ್ದರೂ ಅಣ್ಣನಿಂದ ಬಂತೋ, ಇಬ್ಬರಿಗೂ ಮೂರನೆಯವರಿಂದ ಬಂತೋ ಎಂದು ಅಷ್ಟರಿಂದಲೇ ತೀರ್ಮಾನಿಸಲಾಗದು.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಈ ಪ್ರಶ್ನೆಯನ್ನು ವಿಜ್ಞಾನದ ಕುತೂಹಲದಿಂದ ಕೇಳುವವರು ಕಡಿಮೆ. ಹೆಚ್ಚಿನ ಸಲ ಅದು ಸೊಸೆಯ ಕಡೆಗೋ ತಾಯಿಯ ಕಡೆಗೋ ಬೆರಳು ತೋರಿಸಲು ಬರುತ್ತದೆ. ತಾಯಿಗೂ ಅದು ಬಂದದ್ದು ತನ್ನ ತಾಯಿಯಿಂದಲೋ, ಕುದಿಸದೆ ಬಳಸಿದ ಹಳೆಯ ಗಾಜಿನ ಸಿರಿಂಜಿನಿಂದಲೋ ಇರಬಹುದು. ಅವಳ ಕಾಲದಲ್ಲಿ ಲಸಿಕೆಯೇ ಇರಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಪಾಸಿಟಿವ್ ಬಂದರೆ ಒಬ್ಬರಿಂದ ಇನ್ನೊಬ್ಬರಿಗೆ ಬಂದದ್ದೇ?

ಹಾಗೆಂದು ಭಾವಿಸಬೇಡಿ. ಆರೋಗ್ಯವಂತ ವಯಸ್ಕರಿಗೆ ಸೋಂಕು ತಗುಲಿದರೆ ನೂರಕ್ಕೆ ತೊಂಬತ್ತೈದು ಮಂದಿ ಕೆಲವು ತಿಂಗಳಲ್ಲಿ ವೈರಸ್ಸನ್ನು ಹೊರಹಾಕುತ್ತಾರೆ. ನವಜಾತ ಶಿಶುಗಳಲ್ಲಿ ಲೆಕ್ಕ ತಲೆಕೆಳಗು, ಸೋಂಕಾದ ನೂರರಲ್ಲಿ ತೊಂಬತ್ತು ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಆದ್ದರಿಂದ ದಂಪತಿಗಳಿಬ್ಬರಲ್ಲೂ ದೀರ್ಘಕಾಲದ ಸೋಂಕಿದ್ದರೆ, ಇಬ್ಬರೂ ತಂತಮ್ಮ ಬಾಲ್ಯದಿಂದಲೇ ಹೊತ್ತು ತಂದಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಅನುಕ್ರಮ ನೋಡಿದರೆ ಎರಡು ಬೇರೆ ತಳಿಗಳು ಸಿಗಬಹುದು. ಒಬ್ಬರಿಗೆ ಮಾತ್ರ ಇದ್ದರೆ ಇನ್ನೊಬ್ಬರು ಪರೀಕ್ಷೆ ಮಾಡಿಸಿ, ರಕ್ಷಣೆ ಇಲ್ಲದಿದ್ದರೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬೇಕು: ಇಂದು, ಒಂದು ತಿಂಗಳಿಗೆ, ಆರು ತಿಂಗಳಿಗೆ.

ಮನೆಮಂದಿಯೆಲ್ಲ ಜೀನೋಟೈಪ್ ಪರೀಕ್ಷೆ ಮಾಡಿಸಬೇಕೇ?

ಬೇಡ. ಇಂದಿನ ಮಾತ್ರೆಗಳು ಎಲ್ಲ ಜೀನೋಟೈಪ್‌ಗಳ ಮೇಲೂ ಕೆಲಸ ಮಾಡುತ್ತವೆ. ಇಂಟರ್‌ಫೆರಾನ್ ಚುಚ್ಚುಮದ್ದು ಯೋಚಿಸುತ್ತಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ, ಎ ಇರುವವರು ಡಿ ಇರುವವರಿಗಿಂತ ಅದಕ್ಕೆ ಚೆನ್ನಾಗಿ ಸ್ಪಂದಿಸುತ್ತಾರೆ. ಆ ಹಣವನ್ನು ವೈರಲ್ ಲೋಡ್ ಪರೀಕ್ಷೆಗೆ ಇಟ್ಟುಕೊಳ್ಳಿ.

ವೈರಸ್ ಬದಲಾಗುತ್ತದೆ ಎಂದ ಮೇಲೆ ಲಸಿಕೆ ಕೆಲಸ ಮಾಡುತ್ತದೆಯೇ?

ಮಾಡುತ್ತದೆ. ಆದರೆ ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ, ಇದರ ಹಿಂದೆ ಒಂದು ಪ್ರಸಿದ್ಧ ತಾಯಿ-ಮಗುವಿನ ಕತೆಯಿದೆ.

ದಕ್ಷಿಣ ಇಟಲಿಯಲ್ಲಿ ವೈರಸ್ ಇದ್ದ ತಾಯಿಗೆ ಹುಟ್ಟಿದ ಒಂದು ಮಗುವಿಗೆ ಕ್ರಮಬದ್ಧವಾಗಿ ಲಸಿಕೆಯನ್ನೂ ಸಿದ್ಧ ಪ್ರತಿಕಾಯಗಳಾದ ಇಮ್ಯುನೊಗ್ಲೋಬ್ಯುಲಿನ್ನನ್ನೂ ಕೊಟ್ಟಿದ್ದರು. ಆದರೂ ಸೋಂಕಾಯಿತು. 1990ರಲ್ಲಿ ಪ್ರಕಟವಾದ ಅಧ್ಯಯನ ಕಾರಣವನ್ನು ತೋರಿಸಿತು. ಹೊರಕವಚದ ಪ್ರೊಟೀನಿನ 145ನೆಯ ಸ್ಥಾನದಲ್ಲಿ ತಾಯಿಯ ವೈರಸ್ಸಿನಲ್ಲಿ ಗ್ಲೈಸಿನ್ ಎಂಬ ಅಮೈನೊ ಆಮ್ಲವಿತ್ತು, ಮಗುವಿನ ವೈರಸ್ಸಿನಲ್ಲಿ ಆರ್ಜಿನಿನ್. ಒಂದೇ ಅಕ್ಷರದ ಬದಲಾವಣೆ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ಮುಖ್ಯವಾಗಿ ಹಿಡಿಯುವುದು ಆ ಭಾಗವನ್ನೇ, ಹಿಡಿ ಜಾರಿತು. ತಾಯಿಯಿಂದ ಮಗುವಿಗೆ ದಾಟುವ ಹೊತ್ತಿನಲ್ಲೇ ಪ್ರತಿಕಾಯಗಳ ಜರಡಿ ಹಿಡಿದದ್ದರಿಂದ, ಜರಡಿಯಲ್ಲಿ ನುಸುಳಬಲ್ಲದ್ದು ಮಾತ್ರ ದಾಟಿತು.

ಇದನ್ನು ಕೇಳಿ ಗಾಬರಿಯಾಗುವವರು ತೈವಾನ್ ಕಡೆ ನೋಡಬೇಕು. ಅಲ್ಲಿ 1984ರಲ್ಲಿ ನವಜಾತ ಶಿಶುಗಳಿಗೆ ಲಸಿಕೆ ಶುರುವಾಯಿತು. ಸೋಂಕಿದ್ದ ಮಕ್ಕಳಲ್ಲಿ ಇಂಥ ರೂಪಾಂತರಿಗಳ ಪ್ರಮಾಣ 1984ರಲ್ಲಿ ಶೇ 7.8 ಇದ್ದದ್ದು ಹತ್ತು ವರ್ಷದಲ್ಲಿ ಶೇ 28ಕ್ಕೆ ಏರಿತು. ಪತ್ರಿಕೆಯ ತಲೆಬರಹಕ್ಕೆ ಹೇಳಿ ಮಾಡಿಸಿದ ಅಂಕಿ. ಆದರೆ ಅದೇ ಹತ್ತು ವರ್ಷದಲ್ಲಿ ಮಕ್ಕಳಲ್ಲಿ ಸೋಂಕಿನ ಪ್ರಮಾಣವೇ ಶೇ 9.8ರಿಂದ ಶೇ 1.3ಕ್ಕೆ ಕುಸಿದಿತ್ತು. ಗುಡ್ಡೆಯೇ ಕರಗಿದಾಗ ಉಳಿದ ಹಿಡಿಯಲ್ಲಿ ಕಲ್ಲಿನ ಪಾಲು ಹೆಚ್ಚು ಕಾಣುತ್ತದೆ, ಕಲ್ಲು ಹೆಚ್ಚಾಗಿರುವುದಿಲ್ಲ. ರೂಪಾಂತರಿ ಸಮಾಜದಲ್ಲಿ ಹರಡಿ ಮೂಲರೂಪವನ್ನು ಓಡಿಸಲೂ ಇಲ್ಲ.

ಲಸಿಕೆ ಸೋಲುವುದಕ್ಕೆ ಹೆಚ್ಚು ಸಾಮಾನ್ಯವಾದ ಕಾರಣಗಳು ತಾಯಿಯ ವೈರಲ್ ಲೋಡ್ ವಿಪರೀತ ಇರುವುದು ಮತ್ತು ಮೊದಲ ಡೋಸ್ ತಡವಾಗುವುದು.

ಹಾಗಾದರೆ ಮನೆಯಲ್ಲಿ ಸೋಂಕಿರುವ ಗರ್ಭಿಣಿ ಇದ್ದರೆ ಏನು ಮಾಡಬೇಕು?

ಮೊದಲು ಡಿಎನ್‌ಎ ಪ್ರಮಾಣ ನೋಡಬೇಕು. ಮಿಲಿಲೀಟರಿಗೆ 2,00,000 ಐಯು (ಅಂತಾರಾಷ್ಟ್ರೀಯ ಮಾನ) ಅಥವಾ ಹೆಚ್ಚಿದ್ದರೆ ಗರ್ಭದ 28ನೆಯ ವಾರದಿಂದ ಟೆನೊಫೊವಿರ್ ಮಾತ್ರೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಶಿಫಾರಸು ಮಾಡಿತು. ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ಜೊತೆಗೆ ಇನ್ನೊಂದು ತೊಡೆಗೆ ಇಮ್ಯುನೊಗ್ಲೋಬ್ಯುಲಿನ್. ಆಮೇಲೆ 6, 10, 14ನೆಯ ವಾರಗಳಲ್ಲಿ ಎಲ್ಲ ಮಕ್ಕಳಿಗೂ ಹಾಕುವ ಪೆಂಟಾವೇಲೆಂಟ್ ಲಸಿಕೆಯಲ್ಲಿ ಹೆಪಟೈಟಿಸ್ ಬಿಯದೂ ಸೇರಿದೆ. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಗುವಿನ ರಕ್ತಪರೀಕ್ಷೆ ಮಾಡಿಸಿ. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಎದೆಹಾಲು ಕೊಡಬಹುದು. ಇಷ್ಟು ಮಾಡಿದರೆ ತಾಯಿಯಿಂದ ಮಗುವಿಗೆ ದಾಟುವುದು ಅಪರೂಪ. ಏನೂ ಮಾಡದಿದ್ದರೆ ಇ-ಆಂಟಿಜೆನ್ ಪಾಸಿಟಿವ್ ಇರುವ ತಾಯಿಯಿಂದ ದಾಟುವ ಸಾಧ್ಯತೆ ಶೇ 70ರಿಂದ 90.

ಇ-ಆಂಟಿಜೆನ್ ನೆಗೆಟಿವ್ ತಾಯಿಯೆಂದು ಮಗುವಿನ ಲಸಿಕೆಯಲ್ಲಿ ಉದಾಸೀನ ಮಾಡಬಾರದು. ಅಂಥ ತಾಯಂದಿರಿಂದ ದಾಟುವುದು ಕಡಿಮೆ ನಿಜ. ಆದರೆ ದಾಟಿದಾಗ ಕೆಲವು ಎಳೆಗೂಸುಗಳಲ್ಲಿ ಹಠಾತ್ತಾದ, ಪ್ರಾಣಕ್ಕೇ ಕುತ್ತು ತರುವ ಯಕೃತ್ತಿನ ಉರಿಯೂತ ಕಂಡಿದೆ.

ಅಣ್ಣನಿಗೆ ಬರೆದ ಮಾತ್ರೆಯನ್ನೇ ತಮ್ಮನೂ ನುಂಗಬಹುದೇ? ವೈರಸ್ ಒಂದೇ ಮನೆಯದಲ್ಲವೇ?

ಮಾತ್ರೆ ಒಂದೇ ಆಗಬಹುದು, ನಿರ್ಧಾರ ಒಂದೇ ಆಗಬಾರದು. ಅಣ್ಣನ ಯಕೃತ್ತು ಪೆಟ್ಟು ತಿನ್ನುತ್ತಿದೆ, ಅವನಿಗೆ ಚಿಕಿತ್ಸೆ ಬೇಕು. ತಮ್ಮನ ವಿಷಯದಲ್ಲಿ ಈಗಲೇ ಶುರು ಮಾಡಬೇಕೋ, ಆರಾರು ತಿಂಗಳಿಗೆ ನೋಡುತ್ತ ಕಾಯಬೇಕೋ ಎಂಬುದು ವಯಸ್ಸು, ಎಎಲ್‌ಟಿ, ಯಕೃತ್ತಿನ ಗಡಸುತನದ ಪರೀಕ್ಷೆ ಇವನ್ನೆಲ್ಲ ನೋಡಿ ತೀರ್ಮಾನಿಸುವ ವಿಷಯ. 2024ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಚಿಕಿತ್ಸೆಯ ಬಾಗಿಲನ್ನು ಮೊದಲಿಗಿಂತ ಅಗಲ ಮಾಡಿದೆ.

ಅರೆಬರೆ ಮಾತ್ರೆ ನುಂಗುವುದರ ಅಪಾಯಕ್ಕೆ ಲ್ಯಾಮಿವುಡಿನ್ ಎಂಬ ಹಳೆಯ ಮಾತ್ರೆ ಒಂದು ಪಾಠ. ಅದು ಪಾಲಿಮರೇಸನ್ನು ತಡೆಯುತ್ತಿತ್ತು, ಆದರೆ ಆ ಕಿಣ್ವದ 204ನೆಯ ಸ್ಥಾನದ ಒಂದು ಬದಲಾವಣೆಯೇ ತಪ್ಪಿಸಿಕೊಳ್ಳಲು ಸಾಕಾಗುತ್ತಿತ್ತು. ಅದನ್ನು ಮಾತ್ರ ನುಂಗುತ್ತಿದ್ದವರಲ್ಲಿ ಐದು ವರ್ಷದ ಹೊತ್ತಿಗೆ ಶೇ 70ರಷ್ಟು ಮಂದಿಯಲ್ಲಿ ಔಷಧಕ್ಕೆ ಬಗ್ಗದ ವೈರಸ್ ಬಂದಿತ್ತು. ಎರಡು ಅರ್ಥದ ಪದ್ಯವನ್ನು ಇಲ್ಲಿ ಮತ್ತೆ ನೆನೆಯಿರಿ: ಪಾಲಿಮರೇಸಿನಲ್ಲಿ ಆದ ಈ ಬದಲಾವಣೆ ಅದೇ ಅಕ್ಷರಗಳನ್ನು ಹಂಚಿಕೊಂಡ ಹೊರಕವಚವನ್ನೂ ಸ್ವಲ್ಪ ಮಾರ್ಪಡಿಸುತ್ತದೆ. ಟೆನೊಫೊವಿರ್‌ಗೆ ಪ್ರತಿರೋಧ ಬರುವುದು ತೀರಾ ಅಪರೂಪ. ಆದರೂ ವೈದ್ಯರನ್ನು ಕೇಳದೆ ನಿಲ್ಲಿಸಿದರೆ ವೈರಸ್ ಮರುಕಳಿಸಿ ಯಕೃತ್ತು ಒಮ್ಮೆಲೇ ಕುಸಿಯಬಹುದು. ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ 2018ರ ಜುಲೈ 28ರಂದು ಆರಂಭವಾಗಿದೆ. ಅದರಡಿ ಪರೀಕ್ಷೆಯೂ ಮಾತ್ರೆಯೂ ಉಚಿತ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಅಕ್ಕ ಅದೇ ಮನೆಯಲ್ಲಿ ಬೆಳೆದಳು. ಅವಳಿಗೆ ಹೇಗೆ ವಾಸಿಯಾಯಿತು?

ವೈರಸ್ಸಿಗಿಂತ ಅವಳ ದೇಹ ಮತ್ತು ಸೋಂಕಾದ ವಯಸ್ಸು ಇಲ್ಲಿ ಮುಖ್ಯ. ಐದು ವರ್ಷದ ಮೇಲೆ ತಗುಲಿದ್ದರೆ ಹೊರಹಾಕುವ ಸಾಧ್ಯತೆ ಬಹಳ ಹೆಚ್ಚು. ಅವಳ ವರದಿಯಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್, ಕೋರ್ ಪ್ರತಿಕಾಯ (ವೈರಸ್ ಬಂದದ್ದರ ಗುರುತು) ಪಾಸಿಟಿವ್, ಎಸ್ ಪ್ರತಿಕಾಯವೂ (ರಕ್ಷಣೆಯ ಗುರುತು) ಪಾಸಿಟಿವ್. ಅವಳಿಂದ ಮನೆಯವರಿಗೆ ಹರಡುವುದಿಲ್ಲ. ಆದರೆ ಮುಂದೆ ಕ್ಯಾನ್ಸರ್ ಕಿಮೊಥೆರಪಿಯೋ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧವೋ ಬೇಕಾದರೆ ಈ ಕೋರ್ ಪ್ರತಿಕಾಯದ ವಿಷಯವನ್ನು ವೈದ್ಯರಿಗೆ ಹೇಳಲೇಬೇಕು. ಯಕೃತ್ತಿನಲ್ಲಿ ಮಲಗಿರುವ ಒಂದೆರಡು ಮೂಲ ಪ್ರತಿಗಳು ಆಗ ಏಳಬಹುದು.

ಒಂದೇ ತಟ್ಟೆಯಲ್ಲಿ ಉಂಡರೆ?

ಏನೂ ಆಗುವುದಿಲ್ಲ. ಯಾವ ರೂಪಾಂತರಿಯೂ ಊಟದಿಂದ, ಅಪ್ಪುಗೆಯಿಂದ ಹರಡುವುದಿಲ್ಲ. ಹಂಚಿಕೊಳ್ಳಬಾರದವು ರೇಜರ್, ಹಲ್ಲುಜ್ಜುವ ಬ್ರಷ್, ಉಗುರುಕತ್ತರಿ. ಒಣಗಿದ ರಕ್ತದ ಕಲೆಯಲ್ಲಿ ಈ ವೈರಸ್ ವಾರದವರೆಗೂ ಜೀವಂತ ಇರಬಲ್ಲದು.

'ಸೌಮ್ಯ ತಳಿ' ಎಂದು ಸಾಬೀತಾದರೆ ಗಲ್ಫ್ ವೀಸಾ ಸಿಗುತ್ತದೆಯೇ?

ಕರಾವಳಿಯಲ್ಲಿ ಇದನ್ನು ಬಹಳ ಜನ ಕೇಳುತ್ತಾರೆ. ಇಲ್ಲ. ಅಲ್ಲಿ ನೋಡುವುದು ಎಚ್‌ಬಿಎಸ್‌ಎಜಿಯನ್ನು ಮಾತ್ರ, ತಳಿ ಯಾವುದು, ವೈರಲ್ ಲೋಡ್ ಎಷ್ಟು ಎಂದು ನೋಡುವುದಿಲ್ಲ. ಮಾತ್ರೆಯಿಂದ ಡಿಎನ್‌ಎ ಶೂನ್ಯಕ್ಕೆ ಇಳಿದರೂ ಎಚ್‌ಬಿಎಸ್‌ಎಜಿ ಸಾಮಾನ್ಯವಾಗಿ ಉಳಿಯುತ್ತದೆ. ತಿಂಗಳಲ್ಲಿ 'ನೆಗೆಟಿವ್ ಮಾಡಿಕೊಡುತ್ತೇವೆ' ಎನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನೆಲನೆಲ್ಲಿ ಕಷಾಯ?

ಇದನ್ನು ನಕ್ಕು ತಳ್ಳಿಹಾಕುವವನು ನಾನಲ್ಲ, ಏಕೆಂದರೆ ವಿಜ್ಞಾನವೂ ತಳ್ಳಿಹಾಕದೆ ಪರೀಕ್ಷಿಸಿತು. 1988ರಲ್ಲಿ ಮದ್ರಾಸಿನ ತಂಡವೊಂದು ನೆಲನೆಲ್ಲಿ ಪುಡಿಯನ್ನು ಮೂವತ್ತು ದಿನ ಕೊಟ್ಟು, ಶೇ 59 ಮಂದಿಯಲ್ಲಿ ಎಚ್‌ಬಿಎಸ್‌ಎಜಿ ಹೋಯಿತೆಂದು ವರದಿ ಮಾಡಿತು. ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬರೂಕ್ ಬ್ಲಮ್‌ಬರ್ಗ್ ಕೂಡ ಆ ಕೆಲಸದಲ್ಲಿ ಪಾಲುದಾರರು. ಆದರೆ ಬೇರೆಡೆ ಮತ್ತೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಕಾಮಾಲೆಗೆ ನೆಲನೆಲ್ಲಿ ಕುಡಿದು 'ವಾಸಿಯಾಯಿತು' ಎನ್ನುವ ವಯಸ್ಕರಲ್ಲಿ ಹೆಚ್ಚಿನವರು ಏನೂ ಕುಡಿಯದಿದ್ದರೂ ವಾಸಿಯಾಗುತ್ತಿದ್ದರು. ಮೇಲಿನ ತೊಂಬತ್ತೈದರ ಲೆಕ್ಕ ನೆನಪಿಸಿಕೊಳ್ಳಿ.

ಮನೆಯಲ್ಲಿ ಒಬ್ಬರಿಗೆ ಯಕೃತ್ತಿನ ಕ್ಯಾನ್ಸರ್ ಆಗಿದ್ದರೆ ಉಳಿದವರಿಗೆ ಅಪಾಯ ಹೆಚ್ಚೇ?

ಹೌದು. ಸೋಂಕಿರುವ ರಕ್ತಸಂಬಂಧಿಗಳಲ್ಲಿ ಅಪಾಯ ಹೆಚ್ಚು. ಇದಕ್ಕೆ ಹಂಚಿಕೊಂಡ ವೈರಸ್ಸು, ಹಂಚಿಕೊಂಡ ಜೀನುಗಳು, ಹಂಚಿಕೊಂಡ ಅಭ್ಯಾಸಗಳು ಎಲ್ಲವೂ ಕಾರಣ. 1762 ಮತ್ತು 1764ರ ಜೋಡಿ ರೂಪಾಂತರಕ್ಕೂ ಕ್ಯಾನ್ಸರ್‌ಗೂ ನಂಟಿರುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅದನ್ನು ಪರೀಕ್ಷಿಸಿ ನೋಡುವುದಕ್ಕಿಂತ ಆರು ತಿಂಗಳಿಗೊಮ್ಮೆ ತಪ್ಪದೆ ಅಲ್ಟ್ರಾಸೌಂಡ್ ಮಾಡಿಸುವುದು ಮೇಲು. ಮದ್ಯ ಬಿಡಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಎಲ್ಲರ ವರದಿಗಳನ್ನು ಒಂದೇ ಫೈಲಿನಲ್ಲಿ ಇಡಬಹುದೇ?

ಒಬ್ಬೊಬ್ಬರಿಗೆ ಒಂದೊಂದು ಫೈಲು ಇರಲಿ. ಅಣ್ಣನ ಡಿಎನ್‌ಎ ವರದಿಯನ್ನು ತಮ್ಮನದೆಂದು ಓದಿ ಗಾಬರಿಪಟ್ಟವರಿದ್ದಾರೆ. ಪ್ರತಿ ಸಲದ ಎಚ್‌ಬಿಇಎಜಿ, ಡಿಎನ್‌ಎ, ಎಎಲ್‌ಟಿ, ಅಲ್ಟ್ರಾಸೌಂಡ್ ಇವುಗಳನ್ನು ತಾರೀಖಿನೊಡನೆ ಒಂದು ಹಾಳೆಯಲ್ಲಿ ಸಾಲಾಗಿ ಬರೆದಿಡಿ. ವೈದ್ಯರು ಒಂದು ಅಂಕಿಯನ್ನಲ್ಲ, ಆ ಸಾಲಿನ ಏರಿಳಿತವನ್ನು ಓದುತ್ತಾರೆ. ಡಿಎನ್‌ಎ ಅಂಕಿಯ ಮುಂದೆ ಇರುವ ಮಾನವನ್ನೂ ಬರೆದುಕೊಳ್ಳಿ. ಒಂದು ಲ್ಯಾಬ್ ಐಯು ಎಂದು ಕೊಡುತ್ತದೆ, ಇನ್ನೊಂದು ಕಾಪಿ ಎಂದು. ಒಂದು ಐಯು ಎಂದರೆ ಸರಿಸುಮಾರು ಐದು ಕಾಪಿ. ಒಬ್ಬರದು ಐದು ಲಕ್ಷ ಕಾಪಿ, ಇನ್ನೊಬ್ಬರದು ಒಂದು ಲಕ್ಷ ಐಯು ಎಂದು ಬಂದಿದ್ದರೆ ಇಬ್ಬರದೂ ಒಂದೇ.